ರಾಗಿ ಸುರಿಯುವ ಇಸ್ಕೂಲು

ಟೇಕಲ್ ಹತ್ತಿರದ ನಮ್ಮೂರಿನಲ್ಲಿ ನಾನು ಮಾಂಟೆಸರಿ ಶಾಲೆ ತೆರೆದಾಗ ಊರಿಗೆ ಊರೇ ಸಂತೋಷಪಟ್ಟಿತು. ಮಕ್ಕಳು ಮೂರೇ ವರ್ಷಕ್ಕೆ ಟೈ ಕಟ್ಟಿಕೊಂಡು ಇಂಗ್ಲಿಷ್ ಉದುರಿಸುತ್ತವೆ ಎಂದು ಎಲ್ಲರೂ ತಿಳಿದಿದ್ದರು. ಹಾಗಲ್ಲ ಎಂದು ಮೊದಲೇ ಹೇಳದೆ ಇದ್ದದ್ದು ನನ್ನ ಜಾಣತನ.

ಮಾವನವರ ಹಳೆಯ ರೇಷ್ಮೆ ಹುಳು ಮನೆಯೇ ಶಾಲೆ. ಸುಣ್ಣ ಹೊಡೆಸಿ, ಗಿಡ್ಡ ಕುರ್ಚಿ, ಕಪಾಟು ಜೋಡಿಸಿದ್ದೆ. ಅಲ್ಲಿ ಮಗು ತನಗೆ ಬೇಕಾದ ಕೆಲಸವನ್ನು ತಾನೇ ಆರಿಸಿಕೊಳ್ಳುತ್ತದೆ. ರಾಗಿಯನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಸುರಿಯುತ್ತದೆ, ಅಂಗಿಯ ಗುಂಡಿ ಹಾಕುತ್ತದೆ, ಕಸ ಗುಡಿಸುತ್ತದೆ. ಕೈಗೆ ಹದ, ಮನಸ್ಸಿಗೆ ಏಕಾಗ್ರತೆ. ಇದನ್ನು ನಾನು ಬೆಂಗಳೂರಿನಲ್ಲಿ ಒಂದು ವರ್ಷ ಕೂತು ಕಲಿತು ಬಂದಿದ್ದೆ. ಮೊದಲ ವಾರವೇ ಒಬ್ಬ ಅಜ್ಜಿ ಮೊಮ್ಮಗಳನ್ನು ಬಿಡಲು ಬಂದವರು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು.

"ರಾಗಿ ಸುರಿಯೋದು, ಕಸ ಗುಡ್ಸೋದು. ಇದ್ನ ಕಲಿಯೋಕೆ ಬೆಂಗ್ಳೂರ್ಗಂಟ ಹೋಗಿದ್ರಾ ಮೇಡಮ್ಮ?"

ಆ ಮೊಮ್ಮಗಳಿಗೆ ನಾಲ್ಕು ವರ್ಷ. ಮನೆಯಲ್ಲಿ ತೆಲುಗಿನಲ್ಲಿ ಪಟಪಟ ಮಾತಾಡುತ್ತಾಳಂತೆ. ನಮ್ಮಲ್ಲಿ ಮಾತ್ರ ಐದು ತಿಂಗಳಾದರೂ ಬಾಯಿಗೆ ಬೀಗ. ಬರುತ್ತಾಳೆ, ಚಾಪೆ ಹಾಸುತ್ತಾಳೆ, ರಾಗಿ ಸುರಿಯುತ್ತಾಳೆ, ಹೋಗುತ್ತಾಳೆ. ಅವಳಪ್ಪ ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವವರು. ಒಂದು ದಿನ ಬಂದು ನನ್ನೆದುರು ನಿಂತರು.

"ಮಾಲೂರು ಕಾನ್ವೆಂಟಿಗೆ ಹೋಗೋ ಮಕ್ಳು ಬಸ್ಸಿನ್ ಬೋರ್ಡೆಲ್ಲಾ ಇಂಗ್ಲಿಷಲ್ಲೇ ಓದ್ತವೆ ಮೇಡಂ. ನಮ್ದು ಹೆಸ್ರು ಕೇಳಿದ್ರೂ ಹೇಳಲ್ಲ. ಯುಗಾದಿಗಂಟ ನೋಡ್ತೀನಿ, ಆಮೇಲೆ ಬಿಡಿಸ್ತೀನಿ."

ಅವಳು ಹೋದರೆ ಅವಳ ಬೀದಿಯ ಇನ್ನೂ ಆರು ಮಕ್ಕಳು ಹಿಂದೆಯೇ ಹೋಗುತ್ತವೆ. ಶಾಲೆಯಲ್ಲಿ ಇದ್ದದ್ದೇ ಹದಿಮೂರು. ಉಳಿದವರನ್ನು ಇಟ್ಟುಕೊಂಡು ನಾನು ಬಾಗಿಲು ತೆರೆದಿಡುವ ಹಾಗಿರಲಿಲ್ಲ. ಮಗುವನ್ನು ಒತ್ತಾಯ ಮಾಡಬಾರದು, ಅದರ ಹಿಂದೆ ನಾವು ನಡೆಯಬೇಕು ಎಂದು ಪೋಷಕರ ಸಭೆಯಲ್ಲಿ ಭಾಷಣ ಬಿಗಿದಿದ್ದ ನಾನು, ಮರುದಿನವೇ ಅವಳ ಕೈಯಿಂದ ಲೋಟ ಕಿತ್ತುಕೊಂಡು ಎದುರಿಗೆ ಕೂರಿಸಿಕೊಂಡೆ. ಹೇಳು, ಎ. ಹೇಳು, ಆಪಲ್. ಓದುವುದು ಶಾಸ್ತ್ರ, ಇಕ್ಕುವುದು ಗಾಳ.

ಹತ್ತು ದಿನ ಈ ಘನಕಾರ್ಯ ನಡೆಯಿತು. ಹನ್ನೊಂದನೆಯ ದಿನ ಅವಳು ಕೂತಲ್ಲೇ ಉಚ್ಚೆ ಹೊಯ್ದುಕೊಂಡಳು. ಅಳಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಅಜ್ಜಿಗೆ ಹೇಳಿ ಕಳಿಸಿದೆ. ಅವರು ಬೇರೆ ಚಡ್ಡಿ ಹಿಡಿದುಕೊಂಡು ಬಂದರು. ಬೈಯುತ್ತಾರೆಂದು ನಾನು ತಯಾರಾಗಿದ್ದೆ. ಅವರು ಮೊಮ್ಮಗಳ ಕಾಲು ಒರೆಸುತ್ತಾ ಮೆಲ್ಲಗೆ ಮಾತಾಡಿದರು.

"ರೇಷ್ಮೆ ಹುಳ ಪೊರೆ ಬಿಡೋಕ್ ಮುಂಚೆ ಜ್ವರಕ್ಕೆ ಕೂತಾಗ ನಾವು ಸೊಪ್ಪು ಹಾಕಲ್ಲ ಮೇಡಮ್ಮ. ಪೊರೆ ಬಿಡೋಗಂಟ ಮುಟ್ಟೋದೂ ಇಲ್ಲ. ಅಯ್ಯೋ, ತಿಂತಾ ಇಲ್ವಲ್ಲಾ ಅಂತ ಕೈ ಹಾಕಿದ್ರೆ ಬೆಳೆ ಕೆಡ್ತದೆ. ಇದೇ ಮನೇಲಿ ನಿಮ್ಮತ್ತೆ ಎಷ್ಟು ಬೆಳೆ ತೆಗ್ದವ್ರೆ, ಕೇಳಿ."

ಒಂದು ವರ್ಷದ ತರಬೇತಿ, ದಪ್ಪ ದಪ್ಪ ಮೂರು ಫೈಲು, ಗೋಡೆಯ ಮೇಲೆ ಕಟ್ಟು ಹಾಕಿಸಿದ ಪ್ರಮಾಣಪತ್ರ. ಇಷ್ಟೆಲ್ಲ ಇಟ್ಟುಕೊಂಡ ನನಗೆ ನನ್ನ ಪದ್ಧತಿಯನ್ನೇ ಹುಳು ಸಾಕಿದವರು ಹೇಳಿಕೊಡಬೇಕಾಯಿತು. ನನಗೆ ತುಂಬಾ ನಾಚಿಕೆಯಾಯಿತು. ಲೋಟಗಳನ್ನು ಮತ್ತೆ ಕಪಾಟಿಗೆ ಇಟ್ಟೆ. ಮೂರು ದಿನ ಅವಳು ಅವುಗಳ ಹತ್ತಿರ ಸುಳಿಯಲಿಲ್ಲ, ನಾಲ್ಕನೆಯ ದಿನ ಕೈಗೆತ್ತಿಕೊಂಡಳು. ಅಷ್ಟೂ ದಿನ ನಾನು ಬಾಯಿ ಮುಚ್ಚಿಕೊಂಡಿದ್ದೆ. ನನ್ನನ್ನು ಬಲ್ಲವರಿಗೆ ಅದೆಷ್ಟು ಕಷ್ಟದ ಕೆಲಸವೆಂದು ಗೊತ್ತು.

ಯುಗಾದಿ, ಹೊಸತೊಡಕು ಎರಡೂ ಮುಗಿದವು. ಮರುದಿನ ಮಧ್ಯಾಹ್ನ ಅಪ್ಪ ಬಂದರು. ಎರಡನೇ ಶಿಫ್ಟಿಗೆ ಹೊರಟಿದ್ದರು, ಕೊರಳಲ್ಲಿ ಐಡಿ ಕಾರ್ಡು ತೂಗುತ್ತಿತ್ತು.

"ಮಾಲೂರಲ್ಲಿ ಸೀಟು ಹೇಳಿಟ್ಟಿದೀನಿ ಮೇಡಂ. ಬೇಜಾರ್ ಮಾಡ್ಕೋಬೇಡಿ," ಎಂದು ಮೊಳೆಯಿಂದ ಮಗಳ ಬ್ಯಾಗು ತೆಗೆದುಕೊಂಡು, ಅವಳನ್ನು ಕರೆದರು. ಅವಳು ರಾಗಿ ಸುರಿಯುತ್ತಿದ್ದಳು. ಅರ್ಧ ಲೋಟ ಬಾಕಿಯಿತ್ತು. ತಲೆ ಎತ್ತಲಿಲ್ಲ.

"ಉಂಡು ನಾಯ್ನಾ, ಇಂಕಾ ಕಾಲೇದು," ಎಂದಳು. ಇರಪ್ಪಾ, ಇನ್ನೂ ಆಗಿಲ್ಲ ಅಂತ.

ಇಂಗ್ಲಿಷಿಗಾಗಿ ಕಾದ ಮನುಷ್ಯನಿಗೆ ಸಿಕ್ಕಿದ್ದು ಮನೆಯ ತೆಲುಗು, ಅದರಲ್ಲೂ ಅಪ್ಪಣೆ. ಮಗು ಏನು ಮಾಡಿದರೂ ಹೊಗಳಬಾರದು, ಚಪ್ಪಾಳೆ ತಟ್ಟಬಾರದು ಎನ್ನುತ್ತದೆ ನನ್ನ ತರಬೇತಿ. ಆವತ್ತು ಅದನ್ನು ಚಾಚೂ ತಪ್ಪದೆ ಪಾಲಿಸಿದೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

ಅಪ್ಪ ನನ್ನ ಮುಖ ನೋಡಿದರು, ಗಡಿಯಾರ ನೋಡಿದರು. ಆಮೇಲೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಗಿಡ್ಡ ಕುರ್ಚಿಯಲ್ಲಿ ಕೂತರು. ರಸ್ತೆಯಲ್ಲಿ ಕಂಪನಿ ಬಸ್ಸು ಎರಡು ಸಲ ಹಾರ್ನ್ ಹೊಡೆದು ಹೊರಟುಹೋಯಿತು. ಅವರು ಏಳಲಿಲ್ಲ. ಮಗಳು ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಆರಿಸಿದಳು, ಲೋಟಗಳನ್ನು ಕಪಾಟಿಗಿಟ್ಟಳು, ಚಾಪೆ ಸುತ್ತಿದಳು. ಆಮೇಲೆ ಅಪ್ಪನ ಹತ್ತಿರ ಬಂದು ಬ್ಯಾಗಿಗೆ ಕೈ ಹಾಕಿದಳು. ಅವರು ಕೊಟ್ಟರು. ಅವಳು ಅದನ್ನು ತೆಗೆದುಕೊಂಡು ಹೋಗಿ ಮತ್ತೆ ಮೊಳೆಗೆ ನೇತುಹಾಕಿದಳು.