ಅಗ್ಗದ ಕಡೆ

ಗಲ್ಫಿನಲ್ಲಿರುವ ನಮ್ಮ ಕರಾವಳಿಯವರಿಗೆ ಒಂದು ಚಾಳಿ. ಮಕ್ಕಳಿಗೆ ಕಾಲೇಜು ಸೀಟು ಸಿಕ್ಕಿತೆಂದು ಏಜೆಂಟ್ ಫೋನು ಮಾಡಿದರೆ ಸಾಕು, ವೀಸಾದ ಗಾಳಿಯೂ ಬೀಸುವ ಮೊದಲೇ ಸ್ವೀಟ್ ಹಂಚಿಬಿಡುತ್ತೇವೆ. ನಾನೇನು ಕಮ್ಮಿಯೇ? ಮಗಳಿಗೆ ಸೈಪ್ರಸ್ಸಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಸೀಟು ಸಿಕ್ಕಿದ ದಿನ ಕುವೈತಿನ ಬ್ನೇದ್ ಅಲ್ ಗಾರ್‌ನ ನಮ್ಮ ಇಡೀ ಬಿಲ್ಡಿಂಗಿಗೆ ಹಂಚಿದೆ. ಕುವೈತಿನಲ್ಲೇ ಹುಟ್ಟಿದ ಮಕ್ಕಳಾದರೂ ಹನ್ನೆರಡನೇ ತರಗತಿ ಮುಗಿಯುತ್ತಲೇ ಎಲ್ಲಿಗಾದರೂ ಹೊರಡಲೇಬೇಕು. ಯುರೋಪಿನಂಥ ಜಾಗ, ನಮ್ಮ ಕೈಗೆಟುಕುವ ಫೀಸು. ಹರಕೆ ಫಲಿಸಿತು ಎಂದುಕೊಂಡೆ.

ನಾನು ಕೆಲಸ ಮಾಡುವುದು ಸರಕು ಸಾಗಣೆಯ ಒಂದು ಕಂಪನಿಯಲ್ಲಿ. ಅಲ್ಲಿನ ನಮ್ಮ ಮ್ಯಾನೇಜರು ಸೈಪ್ರಸ್ಸಿನವರೇ, ವಯಸ್ಸಾದ ಮನುಷ್ಯ. ಮಗಳು ನಿಮ್ಮ ಊರಿಗೇ ಹೊರಟಿದ್ದಾಳೆ ಸಾರ್ ಎಂದು ಮೈಸೂರು ಪಾಕಿನ ಡಬ್ಬಿ ಚಾಚಿದೆ. ಒಂದು ತುಂಡು ಎತ್ತಿಕೊಂಡು, "ಯಾವ ಕಡೆ?" ಎಂದು ಕೇಳಿದರು.

"ಕಡೆ ಅಂದರೆ?"

"ವಿಮಾನ ಎಲ್ಲಿಂದ ಹೋಗುತ್ತದೆ?"

ಇಸ್ತಾಂಬುಲ್ ಮೇಲೆ ಎಂದೆ. ಅವರು ತುಂಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಹಾಗಾದರೆ ಬಡಗಣ ಕಡೆ," ಎಂದರು.

ದ್ವೀಪ ಒಂದೇ, ಆದರೆ ನಡುವೆ ಗೆರೆ ಬಿದ್ದು ಎಷ್ಟೋ ಕಾಲವಾಗಿದೆ ಎಂದರು. ತೆಂಕಣ ಭಾಗದಲ್ಲಿ ಯೂರೋ ನಡೆಯುತ್ತದೆ, ಬಡಗಣ ಭಾಗದಲ್ಲಿ ಟರ್ಕಿಯ ಲಿರಾ. ಲಿರಾ ಬೀಳುತ್ತಲೇ ಇರುತ್ತದೆ. ಅದಕ್ಕೇ ಆ ಕಡೆ ಫೀಸೂ ಅಗ್ಗ, ದುಡಿಮೆಯೂ ಅಗ್ಗ. ಅಲ್ಲಿನ ಸರ್ಕಾರವನ್ನು ಟರ್ಕಿ ಬಿಟ್ಟರೆ ಬೇರೆ ಯಾವ ದೇಶವೂ ಒಪ್ಪಿಲ್ಲ. "ಸರಕಿನ ವಿಷಯ ನಿಮಗೇ ಗೊತ್ತಲ್ಲ? ಅಲ್ಲಿಂದ ಒಂದು ಪೆಟ್ಟಿಗೆ ಕಿತ್ತಳೆ ಬರಬೇಕಾದರೂ ಟರ್ಕಿ ಸುತ್ತಿಯೇ ಬರಬೇಕು. ನಿಮ್ಮ ದೇಶದ ಎಂಬಸಿ ಆ ಕಡೆ ಇಲ್ಲ. ಅಲ್ಲಿಯೂ ಹುಡುಗರು ಓದುತ್ತಾರೆ, ಇಲ್ಲವೆನ್ನುವುದಿಲ್ಲ."

"ನೀವಾದರೆ ಮಗಳನ್ನು ಕಳಿಸುತ್ತೀರಾ?"

"ಇಲ್ಲ. ಆದರೆ ನಾವು ತೆಂಕಣದವರು, ನನ್ನ ಮಗಳಿಗೆ ಆ ಕಡೆ ಹೋಗುವ ಅಗತ್ಯವೇ ಬರಲಿಲ್ಲ."

ಸಿಟ್ಟು ನೆತ್ತಿಗೇರಿತು. ಮೆಟ್ಟಿಲ ಬಳಿ ನಿಂತು ಏಜೆಂಟನಿಗೆ ಫೋನು ಹಚ್ಚಿದೆ.

"ಅಕ್ಕಾ, ಎಂತಕ್ಕೆ ಟೆನ್ಶನ್? ಎಲ್ಲ ಒಂದೇ ಐಲ್ಯಾಂಡ್ ಅಲ್ವಾ?"

"ಒಂದೇ ಆದ್ರೆ ಆ ಕಡೆಯ ಫೀಸಿಗೆ ಈ ಕಡೆ ಸೀಟು ಕೊಡಿಸು ನೋಡುವ!"

ಫೋನು ಕಟ್ಟಾಯಿತು.

ಸಂಜೆ ಮನೆಗೆ ಬಂದು ಮಗಳ ಮುಂದೆ ಎಲ್ಲ ಕಕ್ಕಿದೆ. ಅವಳು ಲ್ಯಾಪ್‌ಟಾಪಿನಿಂದ ಕಣ್ಣೇ ತೆಗೆಯಲಿಲ್ಲ. "ಐ ನೋ, ಅಮ್ಮ," ಎಂದಳು.

"ಗೊತ್ತಿತ್ತಾ? ಗೊತ್ತಿದ್ದೂ ಬಾಯಿಗೆ ಬೀಗ ಹಾಕಿ ಕೂತ್ಕೊಂಡದ್ದಾ?"

"ಸೌತ್‌ಗೆ ಹೋದ್ರೆ ನಿಮ್ಮ ಫ್ಲ್ಯಾಟ್ ಹೋಗ್ತದೆ. ಅಪ್ಪ ಮತ್ತೆ ಇಲ್ಲೇ ಇರ್ಬೇಕಾಗ್ತದೆ. ಐ ಡೋಂಟ್ ವಾಂಟ್ ದಟ್."

ಮಂಗಳೂರಿನಲ್ಲಿ ಒಂದು ಫ್ಲ್ಯಾಟ್ ನೋಡಿಟ್ಟಿದ್ದೆವು. ಬರುವ ವರ್ಷ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಮುಗಿಯುತ್ತಲೇ ಕೆಲಸ ಬಿಟ್ಟು ಊರಿಗೆ ಹೋಗಿ ಅದರಲ್ಲಿ ಇರುವುದೆಂದು ನನ್ನ ಗಂಡನ ಲೆಕ್ಕ. ಅವರು ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನಿಷಿಯನ್. ಶಿಫ್ಟು ಮುಗಿಸಿ ಕಂಪನಿ ಬಸ್ಸಿನಲ್ಲಿ ಬಂದರೆ ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಾರೆ. ಆ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುರ್ಚಿ ಎಲ್ಲಿ ಹಾಕುವುದೆಂದು ಕೂಡ ಅವರು ನಿರ್ಧರಿಸಿಯಾಗಿತ್ತು. ಇದನ್ನೆಲ್ಲ ನೋಡಿಯೇ ನನ್ನ ಮಗಳು ಅಗ್ಗದ ಕಡೆಯನ್ನು ಆರಿಸಿದ್ದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ರೋಷ ಬಂತು. ನಾನು ಇಷ್ಟು ವರ್ಷ ಈ ಉರಿಬಿಸಿಲಿನಲ್ಲಿ ಬೆಂದದ್ದು ಇವಳು ನಮಗೋಸ್ಕರ ಕಮ್ಮಿಯದ್ದನ್ನು ಆರಿಸಿಕೊಳ್ಳಲಿ ಎಂದೇ?

ಗಂಡ ಬಂದರು. ಅವರು ಶೂ ಬಿಚ್ಚುತ್ತಿದ್ದಾಗಲೇ ಹೇಳಿಬಿಟ್ಟೆ. "ಫ್ಲ್ಯಾಟು ಬೇಡ. ಇವಳು ಸೌತ್ ಕಡೆಗೇ ಹೋಗ್ತಾಳೆ. ನಾವು ಇಕಾಮಾ ರಿನ್ಯೂ ಮಾಡಿ ಇವಳ ಓದು ಮುಗಿಯುವವರೆಗೆ ಇಲ್ಲೇ ಇರುವ. ಖಲಾಸ್."

ಅವರು ಬಿಚ್ಚಿದ ಶೂವನ್ನು ಬಾಗಿಲ ಪಕ್ಕ ಇಟ್ಟರು. "ಅಪ್ಪಾ, ನೋ," ಎಂದು ಮಗಳು ಎದ್ದು ಬಂದಳು.

"ನೀನು ಕೂತ್ಕೋ ಮಾರಾಯ್ತಿ," ಎಂದರು ಅವಳಿಗೆ. ಆಮೇಲೆ ನನ್ನ ಕಡೆ ತಿರುಗಿ, "ಬಿಲ್ಡರಿಗೆ ನಾನೇ ಹೇಳ್ತೇನೆ. ನೀನು ಹೇಳಿದ್ರೆ ಜಗಳ ಆಗ್ತದೆ," ಎಂದರು.

ತೆಂಕಣದ ಕಾಲೇಜುಗಳ ಅರ್ಜಿಯ ಗಡುವು ಮುಗಿದಿದ್ದರಿಂದ ಆ ವರ್ಷ ಅವಳು ಮನೆಯಲ್ಲೇ ಉಳಿದಳು. ಸೀಟು ಕೈತಪ್ಪಿತಂತೆ, ಪಾಪ, ಎಂದು ಕೆಳಗಿನ ಮಹಡಿಯವರು ಮುಖ ಸಣ್ಣ ಮಾಡಿದರು. "ತಪ್ಪಲಿಲ್ಲ, ನಾನೇ ಬಿಟ್ಟದ್ದು," ಎಂದು ಲಿಫ್ಟಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ. ಆ ಕಡೆಯ ಹೆಸರೆತ್ತಿದರೆ ನಾನು ಮೂಗು ಮುರಿಯುತ್ತಿದ್ದೆ. ನನ್ನ ಮಗಳನ್ನು ನುಂಗಲು ಬಾಯಿ ತೆರೆದು ನಿಂತಿದ್ದ ಜಾಗ ಅದು ಎಂದೇ ನನ್ನ ಭಾವನೆ. ಮುಂದಿನ ವರ್ಷ ಅವಳು ತೆಂಕಣದ ಕಾಲೇಜಿಗೆ ಸೇರಿದಳು. ನಾವು ಇಕಾಮಾ ರಿನ್ಯೂ ಮಾಡಿಸಿದೆವು.

ಒಂದು ಶುಕ್ರವಾರ ಫೋನು ಮಾಡಿದಳು. ಅವಳ ಬಾಡಿಗೆ ಕೋಣೆಯ ಕೆಳಗೆ ಮನೆಯೊಡತಿ ಅಜ್ಜಿಯೊಬ್ಬರಿದ್ದಾರೆ. ಅವರನ್ನು ನೋಡಿಕೊಳ್ಳಲು ದಿನಾ ಒಬ್ಬ ಹೆಂಗಸು ಬರುತ್ತಾರಂತೆ.

"ಆ ಆಂಟಿ ನಾರ್ತ್‌ನವರು, ಅಮ್ಮ. ಬೆಳಿಗ್ಗೆ ಚೆಕ್‌ಪಾಯಿಂಟ್ ದಾಟಿ ಬರ್ತಾರೆ, ಸಂಜೆ ವಾಪಸ್ ಹೋಗ್ತಾರೆ. ಈ ಕಡೆ ಸಂಬಳ ಜಾಸ್ತಿ ಅಂತ."

"ಮನೆಯಲ್ಲಿ ಯಾರೆಲ್ಲ ಇದ್ದಾರಂತೆ?"

"ಒಬ್ಳು ಮಗಳು. ಏನಾದ್ರೂ ಆಗ್ಲಿ, ಅವಳನ್ನು ಈ ಕಡೆಯೇ ಓದಿಸ್ಬೇಕಂತೆ. ಸೇಮ್ ನಿನ್ನ ಹಾಗೇ ಮಾತಾಡ್ತಾರೆ, ಅಮ್ಮ. ಸೇಮ್ ಸಿಟ್ಟು."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಕೇಳು," ಎಂದೆ. "ನಾಳೆ ಅವರು ಬಂದ ಕೂಡ್ಲೇ ನೀನೇ ಚಾ ಮಾಡಿ ಕೊಡು. ನಿಂತು ಕುಡೀಲಿಕ್ಕೆ ಬಿಡ್ಬೇಡ. ಕುರ್ಚಿ ಎಳೆದು ಕೂರ್ಸು."