ಉಸಿರು ಎಣಿಸಲು ಕಲಿಸಿದ ಸಿಸ್ಟರಬಾಯಿ

ಸಿಸ್ಟರಬಾಯಿಯ ಬಲಗೈ ಬೆರಳುಗಳ ತುಂಬ ಸಣ್ಣ ಬಿಳಿ ಗೆರೆಗಳಿದ್ದವು. ಸೂಜಿಮದ್ದಿನ ಗಾಜಿನ ಶೀಶೆಯ ಕುತ್ತಿಗೆ ಮುರಿದು ಮುರಿದು ಆದ ಗಾಯ. ಬೀದರಿನ ದವಾಖಾನೆಯ ನರ್ಸ್ ಕೆಲಸದಿಂದ ನಿವೃತ್ತರಾಗಿ ನೌಬಾದದ ಮನೆಯಲ್ಲಿ ಆರಾಮಾಗಿ ಕೂಡಬೇಕಾದವರು, ಮದ್ದಿನ ಚೀಲ ಹೊತ್ತು ಬಸ್ಸು ಹಿಡಿದು ಭಾಲ್ಕಿ, ಔರಾದ ಕಡೆಯ ಹಳ್ಳಿ ತಿರುಗುತ್ತಿದ್ದರು.

ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ನಮ್ಮ ಓಣಿಯ ಗಂಡಸರು ಹೈದರಾಬಾದಿಗೆ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ, ಮೈನೋವಿಗೆಂದು ನುಂಗಿದ ಗುಳಿಗೆಯ ಚಟ ಹಚ್ಚಿಕೊಂಡು ಬರುತ್ತಿದ್ದರು. ಕಡೆಕಡೆಗೆ ನಶೆಯ ಸೂಜಿ. ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. ಊರಿಗೆ ಬಂದವನು ಗೊರಕೆ ಹೊಡೆದರೆ ನಾವು ಬಾಗಿಲು ಮುಂದೆ ಮಾಡುತ್ತಿದ್ದೆವು. ದಣಿದು ಬಂದಾನ, ಮಲಗಲಿ ಅಂತ. ಹಾಗೇ ಇಬ್ಬರು ಹೋದರು.

ಮೂರನೆಯವ ನಮ್ಮ ಪಕ್ಕದ ಮನೆಯವ. ಒಂದು ಮಧ್ಯಾಹ್ನ ನಮ್ಮವ್ವನ ಬಿ.ಪಿ. ನೋಡಲು ಬಂದಿದ್ದ ಸಿಸ್ಟರಬಾಯಿ ಗೋಡೆಯಾಚೆಯ ಗೊರಕೆಗೆ ಕಿವಿಗೊಟ್ಟರು. "ಇದು ನಿದ್ದಿ ಅಲ್ರಿ" ಎಂದು ಎದ್ದೋಡಿದರು. ಅವನ ತುಟಿ ನೀಲಿಯಾಗಿತ್ತು. ಬಾಯಿಗೆ ಬಾಯಿ ಹಚ್ಚಿ ಊದಿದರು. ಚೀಲದಲ್ಲಿದ್ದ ನಲಾಕ್ಸೋನ್ ಸೂಜಿ ತೊಡೆಗೆ ಹಾಕಿದರು. ಆ ನಶೆಯ ಹಿಡಿತ ಬಿಡಿಸಿ ಉಸಿರು ತಿರುಗಿಸುವ ಮದ್ದು ಅದು. ಸ್ವಲ್ಪ ಹೊತ್ತಿಗೆ ಅವ ಎದ್ದು ಕೂತು ಬೈದ:

"ನನ್ನ ನಶಾ ಯಾಕ ಇಳಸ್ದಿ, ಮುದುಕಿ?"

"ಬೈಯಪ್ಪ, ಬೈ. ಬೈಲಿಕ್ಕ ಭೀ ಉಸಿರು ಬೇಕು."

ಅವತ್ತೇ ಅವನ ಹೆಂಡತಿಗೆ ಉಸಿರು ಎಣಿಸುವುದನ್ನೂ ಸೂಜಿ ಹಾಕುವುದನ್ನೂ ಕಲಿಸಿ, ಡಾಕ್ಟರರಿಂದ ಬರೆಸಿ ತಂದ ಮದ್ದು ಕೊಟ್ಟರು. ಹೀಗೆ ಓಣಿಯ ಆರು ಹೆಂಗಸರ ಕೈಗೆ ಮದ್ದು ಬಂತು.

ಹಿರಿಯರಿಗೆ ಇದು ಸೇರಲಿಲ್ಲ. "ನಶಾ ಮಾಡೋರ ಮನಿಗಿ ಸೂಜಿ ಹಂಚ್ತಾಳ. ಸಾಯೋ ಹೆದರಿಕಿ ಹೋದ್ರ ಚಟ ಬಿಡ್ತಾರೇನು? ನೀ ಬಿ.ಎ. ಆದಾಂವ, ಬರಿ ಅರ್ಜಿ."

ನಮ್ಮ ಮನೆತನದ ಮೊದಲ ಪದವೀಧರ ನಾನು. ಓಣಿಯ ಅರ್ಜಿಗಳೆಲ್ಲ ನನ್ನ ಕೈಯವೇ. ಇದನ್ನೂ ಬರೆದೆ. 'ಮಾನ್ಯರೇ, ಸಮಾಜದ ಸ್ವಾಸ್ಥ್ಯ ಕೆಡುತ್ತಿದ್ದು...' ನಾಲ್ಕೇ ದಿನಕ್ಕೆ ಆರೋಗ್ಯ ಇಲಾಖೆಯ ಜೀಪು ಬಂತು. ಮನೆಮನೆ ಹೊಕ್ಕು ಮದ್ದು ಬಾಚಿಕೊಂಡು ಹೋದರು.

ತಿಂಗಳೊಳಗೆ ಪಕ್ಕದ ಮನೆಯಲ್ಲಿ ಮತ್ತೆ ಅದೇ ಗೊರಕೆ. ಹೆಂಡತಿ ಕೂಗಿದಳು: "ಅಣ್ಣಾ, ನಿಮಿಷಕ್ಕ ನಾಕೇ ಉಸಿರು ಅದಾವ್ರಿ!" ಆಕೆಗೆ ಎಲ್ಲ ಗೊತ್ತಿತ್ತು. ಮದ್ದೊಂದು ಇರಲಿಲ್ಲ. ಟಂಟಂ ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಹೊರಟೆವು. ಭಾಲ್ಕಿ ಮುಟ್ಟುವ ಮೊದಲೇ ಎಣಿಸುವುದು ನಿಲ್ಲಿಸಿದಳು.

ಅವನ ಮಣ್ಣಿಗೆ ಸಿಸ್ಟರಬಾಯಿ ಬಂದರು. ಅರ್ಜಿಗೆ ಸಹಿ ಹಾಕಿದ ಹಿರಿಯರು ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತ "ಅವನ ಹಣೇಬರ" ಎನ್ನುತ್ತಿದ್ದರು. ಥೂ. ಅವರ ನಡುವೆ ನಾನೂ ಕೂತಿದ್ದೆ.

"ನಿನ್ನ ಅರ್ಜಿ ಓದೀನಿ, ತಮ್ಮಾ," ಎಂದರು ಸಿಸ್ಟರಬಾಯಿ. "ಅಕ್ಷರ ಭಾಳ ಛಂದ ಅದಾವ. ಈಗ ಇನ್ನೊಂದು ಬರಿ. ಮದ್ದು ಊರೂರಾಗ ಹೆಣ್ಮಕ್ಕಳ ಕೈಯಾಗ ಇರಬೇಕಂತ ಬರಿ."

ಬರೆದೆ. ವರ್ಷ ವರ್ಷ ಬರೆದೆ. ಮೊದಲ ಸಹಿ ಯಾವಾಗಲೂ ಅವರದು. ಔರಾದ ಕಡೆಯ ಎರಡು ಊರಿನ ಹೆಂಗಸರ ಕೈಗೆ ಮದ್ದು ಬಂತು. ನಮ್ಮೂರ ಪಾಲಿನದು ಯಾವುದೋ ಸರ್ಕಾರಿ ಆಫೀಸಿನ ಕಪಾಟಿನಲ್ಲಿದೆ. ಸಂಜೆ ಐದಕ್ಕೆ ಬೀಗ. ಮುಂದೆ ಯಾರಾದರೂ ಸಾಯುವುದಾದರೆ ಆಫೀಸಿನ ಹೊತ್ತಿನಲ್ಲೇ ಸಾಯಬೇಕು.

ಹೋದ ಬೇಸಿಗೆಯಲ್ಲಿ ಸಿಸ್ಟರಬಾಯಿ ತೀರಿಕೊಂಡರು. ಮಣ್ಣು ಮುಗಿಸಿ ಬಂದು ಮತ್ತೆ ಅರ್ಜಿ ಬರೆಯಲು ಕೂತೆ. ಮೊದಲ ಹೆಸರು ಯಾರದು ಹಾಕಲಿ ಎಂದು ಪಕ್ಕದ ಮನೆಯವಳನ್ನು ಕೇಳಿದೆ.

"ನಂದೇ ಹಾಕ್ರಿ, ಅಣ್ಣಾ. ಎಣಸ್ದಾಕಿ ನಾನು."