ಉಪ್ಪುನೀರಿನ ಜಾಡಿ

ಬೆಹಾಲಾದ ನಮ್ಮ ಆಫೀಸಿನಲ್ಲಿ ಎಲ್ಲರೂ ಬಂಗಾಳಿಯಲ್ಲಿ ಅಣ್ಣ ಎನ್ನುವಂತೆ ದಾದಾ ಎನ್ನುತ್ತಿದ್ದ ಹಿರಿಯ ಎಂಜಿನಿಯರರ ಮೇಜಿನ ಮೇಲೆ ಸದಾ ಒಂದು ಗಾಜಿನ ಜಾಡಿ ಇರುತ್ತಿತ್ತು. ಅದರ ಉಪ್ಪುನೀರಿನಲ್ಲಿ ಬೋಲ್ಟು ಬಿಗಿದ ಉಕ್ಕಿನ ತುಂಡುಗಳು. ಯಾರು ಯಾವ ಬೋಲ್ಟು ತಂದರೂ ಕನ್ನಡಕ ಹಣೆಗೇರಿಸಿ, “ಸಮುದ್ರಕ್ಕೆ ತೋರಿಸಿದೆಯಾ?” ಎನ್ನುತ್ತಿದ್ದರು.

ಕಡಲತೀರದ ಕಾಲುಸೇತುವೆಗೆ ನಾನು ಸತು ಲೇಪದ, ಥಳಥಳ ಹೊಳೆಯುವ ಬೋಲ್ಟು ಆರಿಸಿದ್ದೆ. ಸೇತುವೆಯ ಉಕ್ಕು ತನ್ನ ತುಕ್ಕಿನ ಪದರವನ್ನೇ ಕವಚದಂತೆ ಹೊದ್ದು ಬಾಳುವಂಥದ್ದು. ಅದರದೊಂದು ತುಂಡಿಗೆ ಬಿಗಿದ ನನ್ನ ಬೋಲ್ಟಿನ ಸತುವೆಲ್ಲ ಕೆಲವೇ ವಾರಗಳಲ್ಲಿ ಜಾಡಿಯೊಳಗೆ ಕರಗಿಹೋಯಿತು. ದಾದಾ ಹೇಳಿದ್ದ ಸ್ಟೇನ್‌ಲೆಸ್ ಬೋಲ್ಟು ಮಾತ್ರ ಹಾಗೇ ಇತ್ತು. ಅವರು ಬಯ್ಯಲಿಲ್ಲ, ಚಹಾ ತರಿಸಿದರು.

ಅವರ ನಿವೃತ್ತಿಯ ದಿನ ನಾವೆಲ್ಲ ಸೇರಿ ಸ್ಟೀಲಿನ ಕೈಗಡಿಯಾರ ಕೊಟ್ಟೆವು. “ನೀರಿಗೆ ಬಿದ್ದರೂ ಏನೂ ಆಗಲ್ಲ ದಾದಾ,” ಎಂದೆ. ಕನ್ನಡಕ ಹಣೆಗೇರಿತು. ಅಯ್ಯೋ ಎನ್ನುವಷ್ಟರಲ್ಲಿ ಗಡಿಯಾರ ಜಾಡಿಯ ತಳ ಸೇರಿತ್ತು.

“ಇಲ್ಲೇ ಇರಲಿ,” ಎಂದರು ಕೈ ಒರೆಸಿಕೊಳ್ಳುತ್ತಾ, “ಮುಂದಿನ ತಿಂಗಳು ಬಂದು ನೋಡ್ತೀನಿ.”